ಬದುವಿನ ಗಿಡಕ್ಕೆ ಹೆಸರಿಡುವವರಾರು?

ಕಳೆದ ವರ್ಷ ಒಂದು ಮಧ್ಯಾಹ್ನ ನಮ್ಮ ಕಾಲೇಜಿನ ವಾಚನಾಲಯದಲ್ಲಿ ಕುಳಿತು, ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ ಬೆಳೆಯುವ ಪ್ರಿಮ್‌ರೋಸ್ ಎಂಬ ಹೂಗಿಡದ ವಿಚಾರವನ್ನು ಓದುತ್ತಿದ್ದೆ. ಹಿಮ ಕರಗಿದೊಡನೆ ಕಲ್ಲಿನ ಸಂದಿಯಿಂದ ತಲೆಯೆತ್ತಿ, ಕೆಲವೇ ವಾರಗಳಲ್ಲಿ ಹೂಬಿಟ್ಟು, ಬೀಜ ಕಟ್ಟಿ, ಮತ್ತೆ ಹಿಮದಡಿಗೆ ಸೇರುವ ಗಿಡವದು. ಪ್ರಿಮ್ಯುಲಾ ಎಂಬ ಆ ಕುಲದಲ್ಲಿ ನಾನೂರಕ್ಕೂ ಹೆಚ್ಚು ಪ್ರಭೇದಗಳಿವೆಯಂತೆ. ಇಷ್ಟಿದ್ದರೂ ಹಿಮಾಲಯದಿಂದಲೂ ಪಶ್ಚಿಮ ಚೀನದ ಪರ್ವತಗಳಿಂದಲೂ ಇಂದಿಗೂ ಹೊಸ ಹೊಸ ಪ್ರಭೇದಗಳ ವರ್ಣನೆ ಪ್ರಕಟವಾಗುತ್ತಲೇ ಇದೆ. ಗೆಳೆಯನೊಬ್ಬ ನನ್ನ ಹೆಗಲ ಮೇಲಿಂದ ಇಣುಕಿ, "ಏನಪಾ, ಸಾಲಗುಂದದಾಗ ಹಿಮ ಬೀಳೋದು ಯಾವಾಗ?" ಎಂದು ನಕ್ಕ. ಸುತ್ತ ಕುಳಿತವರೂ ನಕ್ಕರು. ನಾನೂ ನಕ್ಕೆ.

ಆ ಪ್ರಶ್ನೆಗೆ ಉತ್ತರವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಉತ್ತರ ತಡವಾಯಿತು. ಆದರೆ ನಮ್ಮ ಸಂಚಿಕೆ ವರ್ಷಕ್ಕೊಮ್ಮೆ ಮಾತ್ರ ಹೊರಬರುವುದರಿಂದ ಗೆಳೆಯನು ಕ್ಷಮಿಸಬೇಕು.

ನಾನು ಹೇಳಬೇಕೆಂದಿರುವುದು ಇಷ್ಟೇ: ಹೊಸ ಗಿಡವೆಂದರೆ ಹಿಮಾಲಯದಲ್ಲಿಯೇ ಇರಬೇಕು, ಅದನ್ನು ಕಾಣುವವನು ದೊಡ್ಡ ವಿಜ್ಞಾನಿಯೇ ಆಗಿರಬೇಕು ಎಂಬ ನಮ್ಮ ಭಾವನೆ ತಪ್ಪು. ನಮ್ಮ ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಗುಡ್ಡದ ಬಂಡೆಯ ಮೇಲೆ ಬೆಳೆಯುವ ಗಿಡಗಳನ್ನು ಗುರುತಿಸಿ ದಾಖಲಿಸುವ ಕೆಲಸದಲ್ಲಿ ಕಲಾ ಕಾಲೇಜಿನ ವಿದ್ಯಾರ್ಥಿಗಳಾದ ನಮಗೂ ಪಾಲಿದೆ. ಆ ಪಾಲನ್ನು ನಾವು ವಹಿಸದಿದ್ದರೆ ನಷ್ಟ ನಮ್ಮದೇ. ಇದು ನನ್ನ ಅಭಿಪ್ರಾಯ. ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು.

ಮೊದಲಿಗೆ, ಹೊಸ ಪ್ರಭೇದವನ್ನು 'ವರ್ಣಿಸುವುದು' ಎಂದರೇನು ಎಂಬುದನ್ನು ನೋಡೋಣ. ಗುಡ್ಡ ಹತ್ತಿ ಯಾರೂ ಕಾಣದ ಹೂವನ್ನು ಕಂಡೆನೆಂದು ಕೂಗಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಗಿಡವನ್ನು ಬೇರು, ಎಲೆ, ಹೂ, ಕಾಯಿಗಳ ಸಹಿತ ಒಣಗಿಸಿ ಕಾಗದಕ್ಕೆ ಅಂಟಿಸಿ ಒಂದು ಒಣಸಸ್ಯ ಸಂಗ್ರಹಾಲಯದಲ್ಲಿ ಇಡಬೇಕು. ಆ ಹೆಸರಿಗೆ ಆಧಾರವಾದ ಒಂದು ಪ್ರತಿಯನ್ನು ಮಾದರಿ ಪ್ರತಿಯೆಂದು ಗೊತ್ತುಮಾಡಬೇಕು. ಈ ಗಿಡ ತನ್ನ ನಂಟರಿಂದ ಯಾವ ಯಾವ ಲಕ್ಷಣಗಳಲ್ಲಿ ಬೇರೆ ಎಂಬುದನ್ನು ಬರೆಯಬೇಕು. ಕುಲದ ಹೆಸರು, ಪ್ರಭೇದದ ಹೆಸರು ಎಂಬ ಎರಡು ಪದಗಳ ಹೆಸರನ್ನಿಟ್ಟು, ಅದನ್ನು ಪ್ರಕಟಿಸಬೇಕು. ಈ ಎರಡು ಪದಗಳ ಪದ್ಧತಿಯನ್ನು ಸ್ವೀಡನ್ ದೇಶದ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ ಲೆಕ್ಕ ಹಿಡಿಯುತ್ತಾರೆ. ಒಂದೇ ಗಿಡಕ್ಕೆ ಇಬ್ಬರು ಹೆಸರಿಟ್ಟರೆ ಸಾಮಾನ್ಯವಾಗಿ ಮೊದಲು ಪ್ರಕಟವಾದ ಹೆಸರೇ ನಿಲ್ಲುತ್ತದೆ. 1935ರಿಂದ 2011ರ ಕೊನೆಯವರೆಗೆ ಈ ವರ್ಣನೆಯನ್ನು ಲ್ಯಾಟಿನ್ ಭಾಷೆಯಲ್ಲಿಯೇ ಬರೆಯಬೇಕೆಂಬ ಕಟ್ಟಳೆಯಿತ್ತು. 2012ರ ಜನವರಿ 1ರಿಂದ ಇಂಗ್ಲಿಷಿನಲ್ಲಿ ಬರೆದರೂ ಆದೀತೆಂದು ಒಪ್ಪಿದರು.

ಇದನ್ನೆಲ್ಲ ಓದಿದಾಗ ನನಗೆ ಮಸ್ಕಿಯ ಬಂಡೆ ನೆನಪಾಯಿತು. ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಾಗಿ ಹೇಳಬೇಕಾದುದಿಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಅಲ್ಲಿನ ಗುಡ್ಡದಲ್ಲಿ ಅಶೋಕನ ಶಾಸನವನ್ನು ಕಂಡರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದುವು. ಅಶೋಕ ಎಂಬ ಹೆಸರನ್ನು ಸ್ಪಷ್ಟವಾಗಿ ಹೇಳಿದ ಮೊದಲ ಶಾಸನ ನಮ್ಮ ಮಸ್ಕಿಯದು. ಈಗ ಯೋಚಿಸಿರಿ. ಎರಡು ಸಾವಿರಕ್ಕೂ ಹೆಚ್ಚು ವರ್ಷ ಆ ಬಂಡೆ ಅಲ್ಲಿಯೇ ಇತ್ತು. ಕುರಿ ಕಾಯುವವರು ಅದರ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡಿರಬಹುದು. ಮಕ್ಕಳು ಅದರ ಮೇಲೆ ಹತ್ತಿ ಇಳಿದಿರಬಹುದು. ಕಲ್ಲು ಕಂಡವರು ಸಾವಿರಾರು ಜನ; ಅಕ್ಷರ ಓದಿ, ಬೇರೆ ಶಾಸನಗಳೊಡನೆ ಹೋಲಿಸಿ, 'ಇದು ಇಂಥದು' ಎಂದು ಬರೆದಿಟ್ಟಾಗ ಮಾತ್ರ ಒಂದು ಹೆಸರು ಒಬ್ಬ ಚಕ್ರವರ್ತಿಗೆ ಸೇರಿತು. ಗಿಡದ ವಿಷಯವೂ ಹೀಗೆಯೇ. ಕಾಣುವುದು ಬೇರೆ, ಓದುವುದು ಬೇರೆ.

ಈ ಪಾಠವನ್ನು ನಾನು ಕಲಿತದ್ದು ಸ್ವಲ್ಪ ಪೇಚಿನಿಂದಲೇ. ಪ್ರಿಮ್‌ರೋಸಿನ ಗುಂಗು ತಲೆಯಲ್ಲಿದ್ದ ಆ ಶ್ರಾವಣದಲ್ಲಿ ಊರಿಗೆ ಹೋದವನು ಹೊಲದ ಬದುವಿನ ಮೇಲೆ ನೆಲಕ್ಕೆ ಅಂಟಿಕೊಂಡು ಹಬ್ಬಿದ್ದ ಒಂದು ಪುಟ್ಟ ಗಿಡವನ್ನು ಕಂಡೆ. ಎಲೆ ದಪ್ಪ, ಕಾಂಡ ಕೆಂಪು, ಗೆಣ್ಣುಗಳಲ್ಲಿ ಬಿಳಿಯ ಕೂದಲು, ತುದಿಯಲ್ಲಿ ಒಂದು ಹಳದಿ ಹೂ. ಸಂತೆಗೆ ಬರುವ ಗೋಳಿ ಪಲ್ಯದಂತೆ ಇತ್ತು, ಆದರೆ ಅದಲ್ಲ. ನನ್ನ ಎದೆ ಹಾರಿತು. ಯಾರೂ ಕಾಣದ ಗಿಡವೊಂದು ಸಾಲಗುಂದದ ಬದುವಿನಲ್ಲಿ ನನಗಾಗಿಯೇ ಕಾದು ಕುಳಿತಿದೆ ಎನ್ನಿಸಿತು. ಮನಸ್ಸಿನಲ್ಲಿ ಹೆಸರನ್ನೂ ಇಟ್ಟುಬಿಟ್ಟೆ. ಆ ಹೆಸರಿನಲ್ಲಿ ನನ್ನ ಊರೂ ಇತ್ತು, ನಾನೂ ಇದ್ದೆ.

ಕಿತ್ತುಕೊಂಡು ಬಂದು ಅಜ್ಜಿಗೆ ತೋರಿಸಿದೆ. ಆಕೆ ತಿರುಗಿಸಿ ನೋಡಲೂ ಇಲ್ಲ. "ಇದಕ್ಕ ಹೆಸರಿಲ್ಲಂತ ಯಾರು ಹೇಳಿದ್ರೋ ತಮ್ಮಾ ನಿನಗ? ಇದು ಸಣ್ಣ ಗೋಳಿ. ಪಲ್ಯಕ್ಕ ಬರ್ತದ, ಹುಳಿ ಜಾಸ್ತಿ. ಕಿತ್ತು ಬದುವಿನ ಮ್ಯಾಲ ಒಗದ್ರ ಸಾಯಂಗಿಲ್ಲ ಇದು" ಎಂದಳು.

ಆಕೆಯ ಕೊನೆಯ ಮಾತಿನ ಅರ್ಥ ಒಂದು ವಾರದ ಮೇಲೆ ತಿಳಿಯಿತು. ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಗಿಡವನ್ನಿಟ್ಟು, ಮೇಲೆ ನಾಲ್ಕು ದಪ್ಪ ಪುಸ್ತಕ ಹೇರಿದ್ದೆ. ಎಂಟನೆಯ ದಿನ ತೆಗೆದು ನೋಡಿದರೆ ಗಿಡ ಇನ್ನೂ ಹಸಿರಾಗಿಯೇ ಇದೆ! ಹೂವಿನ ದಳಗಳು ಮಾತ್ರ ಕರಗಿ ಲೋಳೆಯಾಗಿ ಕಾಗದಕ್ಕೆ ಅಂಟಿದ್ದುವು. ಅದನ್ನೇ ಹಿಡಿದುಕೊಂಡು ಪರಿಚಯದ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರ ಬಳಿ ಹೋದೆ. ಅವರು ಗಿಡಕ್ಕಿಂತ ಮೊದಲು ನನ್ನನ್ನು ನೋಡಿದರು. "ಎಲ್ಲಿ ಕಿತ್ತಿರಿ? ಯಾವ ದಿನ? ಎರೆಯೋ ಮಸಾರಿಯೋ? ಹೂ ಎಷ್ಟು ಹೊತ್ತಿಗೆ ಅರಳಿತ್ತು? ದಳ ಎಷ್ಟು? ಕಾಯಿ ಹೇಗೆ ಬಿಚ್ಚುತ್ತದೆ?" ಎಂದು ಒಂದೊಂದಾಗಿ ಕೇಳಿದರು. ಮೊದಲನೆಯ ಪ್ರಶ್ನೆಯೊಂದನ್ನು ಬಿಟ್ಟು ಬೇರಾವುದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಹೆಸರಿಡಲು ಹೊರಟವನು ದಳವನ್ನೂ ಎಣಿಸಿರಲಿಲ್ಲ!

ಅವರು ಬೈಯಲಿಲ್ಲ. ಗೋಳಿಯ ಕುಲದ ಗಿಡಗಳ ಹೂ ಬಿಸಿಲೇರಿದ ಮೇಲೆ ಕೆಲವು ತಾಸು ಮಾತ್ರ ಅರಳಿದ್ದು ಮುದುಡಿಕೊಳ್ಳುತ್ತದೆ, ಮುದುಡಿದ ಮೇಲೆ ದಳ ಕರಗುತ್ತದೆ, ಆದುದರಿಂದ ಹೂವಿನ ವಿವರವನ್ನು ಹೊಲದಲ್ಲಿಯೇ ಬರೆದುಕೊಳ್ಳಬೇಕು ಎಂದು ತಿಳಿಸಿದರು. ರಸತುಂಬಿದ ಇಂಥ ಗಿಡವನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು ಒತ್ತಬೇಕು, ಹಾಳೆಗಳನ್ನು ದಿನವೂ ಬದಲಿಸಬೇಕು. ಕಾಯಿ ಕರಡಿಗೆಯ ಮುಚ್ಚಳದಂತೆ ಬಿಚ್ಚಿಕೊಂಡು ಕರಿಯ ನುಣ್ಣನೆ ಬೀಜ ಉದುರುತ್ತವೆ. ಅವನ್ನು ಚಿಕ್ಕ ಲಕೋಟೆಯಲ್ಲಿ ಕೂಡಿಡಬೇಕು. ಏಕೆಂದರೆ ಸೂಕ್ಷ್ಮದರ್ಶಕದಲ್ಲಿ ಬೀಜದ ಮೇಲಣ ಉಬ್ಬುಗಳನ್ನು ನೋಡಿಯೇ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸಬೇಕಾದ ಸಂದರ್ಭಗಳುಂಟು. ಮುಂದಿನ ವಾರ ಅವರ ಮಾತಿನಂತೆಯೇ ಹೋಗಿ ನೋಡಿದೆ. ದಳ ನಾಲ್ಕು. ಎಲೆಗಳು ಎದುರುಬದುರು ಜೋಡಿ. ಗೆಣ್ಣಿನಲ್ಲಿ ಕೂದಲು. ಪುಸ್ತಕದಲ್ಲಿ ಹುಡುಕಿದಾಗ ಹೆಸರೂ ಸಿಕ್ಕಿತು: ಪೋರ್ಚುಲಾಕಾ ಕ್ವಾಡ್ರಿಫಿಡಾ. 1767ರಲ್ಲಿ ಲಿನೇಯಸನೇ ಇಟ್ಟ ಹೆಸರು. ಸಂತೆಯ ದೊಡ್ಡ ಗೋಳಿಗೆ ಪೋರ್ಚುಲಾಕಾ ಒಲೆರೇಸಿಯಾ ಎಂದು ಅವನು 1753ರಲ್ಲಿಯೇ ಹೆಸರಿಟ್ಟಿದ್ದ. ಅದಕ್ಕೆ ಸಾಮಾನ್ಯವಾಗಿ ದಳ ಐದು. ನನ್ನ 'ಹೊಸ ಗಿಡ' ಎರಡೂವರೆ ನೂರು ವರ್ಷಗಳಿಗಿಂತ ಹಳೆಯದಾಯಿತು.

ಆ ದಿನ ನನಗೆ ನಾಚಿಕೆಯಾಯಿತು. ಈಗ ಹಾಗೆನ್ನಿಸುವುದಿಲ್ಲ. ಆ ಸೋಲಿನಿಂದ ಎರಡು ವಿಷಯ ತಿಳಿದುವು. ಒಂದು, ಲಿನೇಯಸ್ ಎರಡು ಎಂದು ಬೇರ್ಪಡಿಸಿದ ಗಿಡಗಳನ್ನು ಅಕ್ಷರ ಬಾರದ ನನ್ನ ಅಜ್ಜಿಯೂ ಎರಡೆಂದೇ ಬೇರ್ಪಡಿಸಿದ್ದಳು. ಇನ್ನೊಂದು, ಅದೇ ಗೋಳಿಯ ಕುಲದಲ್ಲಿ ನಿಜವಾಗಿಯೂ ಹೊಸದಾದ ಗಿಡ ನಮ್ಮಿಂದ ಬಹುದೂರವಲ್ಲದ ಬಾದಾಮಿಯಿಂದಲೇ ಈಚಿನ ವರ್ಷಗಳಲ್ಲಿ ವರ್ಣಿತವಾಗಿದೆ. ಅದರ ಹೆಸರು ಪೋರ್ಚುಲಾಕಾ ಬದಾಮಿಕಾ. ಬಾದಾಮಿಯ ಗುಹೆಗಳನ್ನೂ ಮರಳುಗಲ್ಲಿನ ಬಂಡೆಗಳನ್ನೂ ನೋಡಲು ಎಷ್ಟು ಲಕ್ಷ ಜನ ಹೋಗಿಬಂದಿಲ್ಲ! ನಾವೂ ಪ್ರವಾಸ ಹೋಗಿ ಬಂದವರೇ. ಗುಹೆಯ ಮುಂದೆ ಫೋಟೋ ತೆಗೆಸಿಕೊಂಡೆವು; ಕಾಲ ಕೆಳಗೆ ನೋಡಲಿಲ್ಲ. ಹಿಮಾಲಯದ ತುದಿಯಲ್ಲಿ ಅಲ್ಲ, ಚಾಲುಕ್ಯರ ರಾಜಧಾನಿಯಲ್ಲಿ, ಪಲ್ಯದ ಸೊಪ್ಪಿನ ನಂಟಸ್ತಿಕೆಯಲ್ಲಿ ಹೊಸ ಪ್ರಭೇದ ದೊರೆಯಬಹುದಾದರೆ, ನಮ್ಮ ಗುಡ್ಡಗಳಲ್ಲಿ ಏನೂ ಇಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಕರ್ನಾಟಕದಲ್ಲಿ ಇಂಥ ಸಂಗತಿಗಳು ಇನ್ನೂ ಇವೆ. ಉತ್ತರ ಕನ್ನಡದ ಕತ್ತಲೆಕಾನಿನ ಜೌಗು ಕಾಡಿನಲ್ಲಿ ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರ ದೊರೆತು, 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಎಂಬವರು ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ನಮ್ಮ ಹಳ್ಳಿಯ ಮಾತು ಲ್ಯಾಟಿನ್ನಿನ ಬಾಲ ಕಟ್ಟಿಕೊಂಡು ಲೋಕದ ವಿದ್ವಾಂಸರ ಬಾಯಿಗೆ ಬಂದಿದೆ. ಗೇರುಸೊಪ್ಪೆಯ ಜಲಪಾತದ ಬಳಿ 1919ರಲ್ಲಿ ಸೆಡ್ಜ್‌ವಿಕ್ ಮತ್ತು ಬೆಲ್ ಎಂಬಿಬ್ಬರು ಒಂದು ಹುಲ್ಲನ್ನು ಸಂಗ್ರಹಿಸಿದರು. ಸುಮಾರು ಮೂವತ್ತು ವರ್ಷ ಅದು ಒಣಗಿದ ಪ್ರತಿಯಾಗಿ ಉಳಿಯಿತು. ಆಮೇಲೆ ಬೋರ್ ಎಂಬ ವಿದ್ವಾಂಸರು ಅದನ್ನು ಪರೀಕ್ಷಿಸಿ, ಇದು ಹೊಸ ಪ್ರಭೇದ ಮಾತ್ರವಲ್ಲ, ಹೊಸ ಕುಲವೇ ಎಂದು ಕಂಡು ಹಬ್ಬಾರ್ಡಿಯಾ ಎಂದು ಹೆಸರಿಟ್ಟರು. ಅಷ್ಟರ ಮೇಲೆ ಗೇರುಸೊಪ್ಪೆಯಲ್ಲಿ ಹುಡುಕಿದವರಿಗೆ ಅದು ಸಿಗಲಿಲ್ಲ, ಅಳಿದುಹೋಯಿತೆಂದೇ ತಿಳಿದರು. 2002ರಲ್ಲಿ ಮಹಾರಾಷ್ಟ್ರದ ತಿಲ್ಲಾರಿ ಘಟ್ಟದಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಆ ಒಂದು ಒಣ ಹುಲ್ಲಿನ ಪ್ರತಿ ಇರದಿದ್ದರೆ ತಿಲ್ಲಾರಿಯಲ್ಲಿ ಸಿಕ್ಕದ್ದು ಯಾವುದೆಂದು ಹೇಳುವವರೇ ಇರುತ್ತಿರಲಿಲ್ಲ.

ಇದು ಒಂದೆರಡು ಗಿಡಗಳ ಕಥೆಯಲ್ಲ. ಗಿಡವನ್ನು ಸಂಗ್ರಹಿಸಿದ ಮೇಲೆ ಅದು ಹೊಸ ಪ್ರಭೇದವೆಂದು ಪ್ರಕಟವಾಗಲು ಎಷ್ಟು ಕಾಲ ಹಿಡಿಯುತ್ತದೆ ಎಂಬ ವಿಚಾರವಾಗಿ 2010ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಐದು ವರ್ಷದೊಳಗೆ ಪ್ರಕಟವಾದವು ನೂರಕ್ಕೆ 16 ಮಾತ್ರ. ಸುಮಾರು ನಾಲ್ಕರಲ್ಲಿ ಒಂದು ಪಾಲು ಹೊಸ ಪ್ರಭೇದಗಳು ಐವತ್ತು ವರ್ಷಕ್ಕೂ ಹಳೆಯ ಪ್ರತಿಗಳಿಂದ ಹೊರಬಂದವು. ಅಂದರೆ ಕಿತ್ತು ಒಣಗಿಸಿ ಇಟ್ಟವನು ಒಬ್ಬ, ಗುರುತಿಸಿದವನು ಅವನ ಮೊಮ್ಮಗನ ಕಾಲದವನು. ಇಂದು ನಮ್ಮಲ್ಲಿ ಗುರುತಿಸುವ ವಿದ್ಯೆ ಇಲ್ಲದಿರಬಹುದು. ಎಚ್ಚರದಿಂದ ಕೂಡಿಡುವ ವಿದ್ಯೆ ಕಷ್ಟವೇನಲ್ಲ.

ಇನ್ನು ನಮ್ಮ ನಾಡಿನ ವಿಶೇಷವೊಂದನ್ನು ಹೇಳಬೇಕು. ತುಂಗಭದ್ರೆಯ ಆಚೆಯ ಬಳ್ಳಾರಿ ಹಿಂದೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ಗಿಡಗಳ ಬಗೆಗೆ ಗ್ಯಾಂಬಲ್ ಆರಂಭಿಸಿದ ದೊಡ್ಡ ಗ್ರಂಥ 1915ರಿಂದ 1936ರವರೆಗೆ ಭಾಗಭಾಗವಾಗಿ ಹೊರಬಂದಿತು. ವಿಜಾಪುರ, ಧಾರವಾಡಗಳು ಮುಂಬಯಿ ಪ್ರಾಂತದಲ್ಲಿದ್ದುವು; ಆ ಪ್ರಾಂತದ ಗಿಡಗಳ ಗ್ರಂಥವನ್ನು ಕುಕ್ 1901ರಿಂದ 1908ರೊಳಗೆ ಬರೆದು ಮುಗಿಸಿದ್ದರು. ನಡುವಿನ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಉಳಿದಿತ್ತು. ಕೃಷ್ಣೆ ತುಂಗಭದ್ರೆಗಳ ನಡುವೆ ಬಿದ್ದ ನಮ್ಮ ದೋಆಬ್ ಹೀಗೆ ಎರಡು ಪುಸ್ತಕಗಳ ನಡುವೆಯೂ ಬಿದ್ದಿತು. 1956ರಲ್ಲಿ ನಾವು ವಿಶಾಲ ಮೈಸೂರಿಗೆ ಸೇರಿದೆವು. 1988ರಲ್ಲಿ ಎನ್. ಪಿ. ಸಿಂಗ್ ಅವರು ಪೂರ್ವ ಕರ್ನಾಟಕದ ಸಸ್ಯಗಳ ಬಗೆಗೆ ಎರಡು ಸಂಪುಟಗಳನ್ನು ಪ್ರಕಟಿಸಿ ಕೊರತೆಯನ್ನು ಬಹುಮಟ್ಟಿಗೆ ತುಂಬಿದರು. ಆದರೆ ಒಬ್ಬಿಬ್ಬರು ಎಷ್ಟು ಬದು ತಿರುಗಿಯಾರು? ಮಳೆ ಬಿದ್ದ ಎರಡು ವಾರ ಕಾಣಿಸಿಕೊಂಡು ಮಾಯವಾಗುವ ಗಿಡವನ್ನು ಅದೇ ಎರಡು ವಾರದಲ್ಲಿ ಅಲ್ಲಿದ್ದವನು ಮಾತ್ರ ಕಾಣಬಲ್ಲ. ಅಲ್ಲಿ ಇರುವವರು ನಾವು.

ಕಾಲವೂ ನಮಗಾಗಿ ಕಾಯುತ್ತಿಲ್ಲ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆ ಹರಿದು ಸಿಂಧನೂರಿನ ಸೀಮೆ ಜೋಳದ ನಾಡಿನಿಂದ ನೆಲ್ಲಿನ ನಾಡಾಯಿತು. ಅದರಿಂದ ನಮ್ಮ ಮನೆಗಳಲ್ಲಿ ಅನ್ನ ಬೆಂದಿದೆ. ನಮ್ಮಲ್ಲಿ ಎಷ್ಟೋ ಜನರ ಕಾಲೇಜಿನ ಫೀಸು ಆ ನೀರಿನಿಂದಲೇ ಬಂದಿದೆ. ನೀರನ್ನು ದೂರುವ ಕೃತಘ್ನತೆ ನನಗೆ ಬೇಡ. ಆದರೆ ಗದ್ದೆಗೆ ಬೇಕೆಂದು ಬದು ಸಣ್ಣದಾಯಿತು. ಉಳಿದ ಬದುವಿನ ಮೇಲೆ ಕಳೆನಾಶಕ ಬಿತ್ತು. ಹಳ್ಳದ ದಂಡೆಯನ್ನು ಬಳ್ಳಾರಿ ಜಾಲಿ ಹಿಡಿಯಿತು. ಬೆಳೆ ಬಂದಿತು, ಕಳೆ ಹೋಯಿತು ಎಂದು ಸಂತೋಷಪಡುತ್ತೇವೆ. ಹೋದದ್ದು ಯಾವ ಯಾವ ಗಿಡ ಎಂದು ಯಾರೂ ಬರೆದಿಡಲಿಲ್ಲ. ಗಿಡದ ಜೊತೆಯಲ್ಲಿಯೇ ಗಿಡದ ಹೆಸರೂ ಹೋಗುತ್ತಿದೆ. ಅಜ್ಜಿ ಸಣ್ಣ ಗೋಳಿ, ದೊಡ್ಡ ಗೋಳಿ ಎಂದಳು. ಅವ್ವನಿಗೆ ಎರಡೂ ಗೋಳಿಯೇ. ನನಗೆ ಮೊನ್ನೆಯವರೆಗೆ ಎರಡೂ ಕಳೆಯೇ. ಮೂರು ತಲೆಮಾರಿನಲ್ಲಿ ಒಂದು ಜ್ಞಾನ ಹೇಗೆ ಸವೆಯುತ್ತದೆ ಎಂಬುದಕ್ಕೆ ನಮ್ಮ ಮನೆಗಿಂತ ಬೇರೆ ಉದಾಹರಣೆ ಬೇಕಿಲ್ಲ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಗೆಳೆಯರೊಡನೆ ವಾದಿಸಿಯೇ ಬಲ್ಲೆ.

"ಹೆಸರಿಟ್ಟರೆ ಹೊಟ್ಟೆ ತುಂಬುವುದೆ?" ಎಂಬುದು ಮೊದಲನೆಯದು. ತುಂಬುವುದಿಲ್ಲ. ಆದರೆ ಹೆಸರಿಲ್ಲದ ಗಿಡವನ್ನು ಉಳಿಸಿ ಎಂದು ಯಾರೂ ಅರ್ಜಿ ಹಾಕಲಾರರು. ಕಲ್ಲುಗಣಿಗೆ ಗುಡ್ಡ ಕೊಡುವಾಗಲಾಗಲಿ, ರಸ್ತೆ ಅಗಲ ಮಾಡುವಾಗಲಾಗಲಿ, 'ಇಲ್ಲಿ ಇಂಥ ಗಿಡವಿದೆ, ಬೇರೆಲ್ಲಿಯೂ ಇಲ್ಲ' ಎಂದು ಹೇಳಬೇಕಾದರೆ ಮೊದಲು ಅದರ ಹೆಸರು ಕಾಗದದ ಮೇಲಿರಬೇಕು. ಪಡಿತರ ಚೀಟಿಯಲ್ಲಿ ಹೆಸರಿಲ್ಲದವನಿಗೆ ಅಂಗಡಿಯಲ್ಲಿ ಅಕ್ಕಿ ಸಿಗುವುದಿಲ್ಲವೆಂಬುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

"ಫೋನಿನಲ್ಲಿ ಫೋಟೋ ಹಿಡಿದರೆ ಅದೇ ಹೆಸರು ಹೇಳುತ್ತದೆ, ಇಷ್ಟೆಲ್ಲ ಏಕೆ?" ಎಂಬುದು ಎರಡನೆಯದು. ಫೋನನ್ನು ನಾನೂ ಬಳಸುತ್ತೇನೆ. ಆದರೆ ಅದು ಈಗಾಗಲೇ ಯಾರೋ ಹೆಸರಿಟ್ಟು ಚಿತ್ರ ಕೂಡಿಸಿಟ್ಟ ಗಿಡವನ್ನು ಮಾತ್ರ ಹೇಳಬಲ್ಲದು. ಹೆಸರಿಲ್ಲದ ಗಿಡವನ್ನು ತೋರಿಸಿದರೆ ಅದಕ್ಕೆ ಹತ್ತಿರದ ಇನ್ನಾವುದೋ ಹೆಸರನ್ನು ಧೈರ್ಯವಾಗಿ ಹೇಳಿಬಿಡುತ್ತದೆ. ನಾವೂ ನಂಬಿ ಮುಂದೆ ಹೋಗುತ್ತೇವೆ. ಹೊಸದು ಹಳೆಯದರ ಹೆಸರಿನಡಿಯಲ್ಲಿ ಹೂತುಹೋಗುತ್ತದೆ. ಫೋಟೋದಲ್ಲಿ ಬೀಜದ ಉಬ್ಬೂ ಕಾಣುವುದಿಲ್ಲ, ಬೇರೂ ಕಾಣುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಬಲವಾದುದು: "ನಮ್ಮದು ಕಲಾ ಕಾಲೇಜು, ಇದು ವಿಜ್ಞಾನದವರ ಕೆಲಸ." ಹೊಸ ಪ್ರಭೇದವೆಂದು ಕೊನೆಗೆ ನಿರ್ಣಯಿಸುವುದು ಅವರ ಕೆಲಸವೇ, ಸಂದೇಹವಿಲ್ಲ. ನನ್ನ ಗೋಳಿಯ ಕಥೆಯಾದ ಮೇಲೆ ಆ ಅಧಿಕಾರ ನನಗೆ ಬೇಕೆಂದು ನಾನು ಕೇಳುವುದೂ ಇಲ್ಲ. ಆದರೆ ನಿರ್ಣಯಕ್ಕೆ ಮೊದಲಿನ ಕೆಲಸದಲ್ಲಿ ಅರ್ಧಕ್ಕರ್ಧ ನಮ್ಮ ವಿಷಯಗಳದೇ. ಅಜ್ಜಿಯರ ಬಾಯಲ್ಲಿರುವ ಹೆಸರುಗಳನ್ನು, ಒಂದೊಂದು ಊರಿನ ಉಚ್ಚಾರಣೆಯೊಡನೆ, ತಿದ್ದದೆ ಬರೆದುಕೊಳ್ಳಬಲ್ಲವರು ಕನ್ನಡದ ವಿದ್ಯಾರ್ಥಿಗಳು. ಎರೆ, ಮಸಾರಿ, ಗುಡ್ಡ, ಹಳ್ಳಗಳ ನಕ್ಷೆ ಬರೆಯಬಲ್ಲವರು ಭೂಗೋಳದವರು. ಯಾವ ಗಿಡವನ್ನು ಯಾರು ಕಿತ್ತು ಮಾರುತ್ತಾರೆ, ಯಾವುದಕ್ಕೆ ಸಂತೆಯಲ್ಲಿ ಬೆಲೆಯುಂಟು ಎಂದು ಕೇಳಬಲ್ಲವರು ಅರ್ಥಶಾಸ್ತ್ರದವರು. ಹಳೆಯ ಪ್ರತಿಯನ್ನು ಹೊಸದರೊಡನೆ ಹೋಲಿಸುವ ಶಿಸ್ತು ಶಾಸನ ಓದುವ ಇತಿಹಾಸದವರಿಗೆ ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ಡಚ್ಚರ ವಾನ್ ರೀಡ್ ಮಲಬಾರಿನ ಗಿಡಗಳನ್ನು ಕುರಿತು 'ಹೋರ್ಟಸ್ ಮಲಬಾರಿಕಸ್' ಎಂಬ ಹನ್ನೆರಡು ಸಂಪುಟಗಳನ್ನು 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚುಹಾಕಿಸಿದನು. ಅದಕ್ಕೆ ಗಿಡಗಳ ತಿಳಿವಳಿಕೆಯನ್ನು ಕೊಟ್ಟವರಲ್ಲಿ ಇಟ್ಟಿ ಅಚ್ಯುದನ್ ಎಂಬ ನಾಟಿ ವೈದ್ಯರು ಮುಖ್ಯರು. ಅವರ ಹೇಳಿಕೆ ಮಲಯಾಳದಲ್ಲಿಯೇ ಆ ಗ್ರಂಥದಲ್ಲಿ ಅಚ್ಚಾಗಿದೆ. ಲಿನೇಯಸನೂ ಆ ಗ್ರಂಥವನ್ನು ಆಧಾರವಾಗಿ ಬಳಸಿಕೊಂಡನು. ಹಳ್ಳಿಯ ತಿಳಿವಳಿಕೆಗೆ ವಿಜ್ಞಾನದ ಬಾಗಿಲು ಎಂದೂ ಮುಚ್ಚಿರಲಿಲ್ಲ. ತಟ್ಟುವವರು, ಹೇಳಿದವರ ಹೆಸರನ್ನು ಬರೆದಿಡುವವರು ಬೇಕಷ್ಟೆ.

ಆದುದರಿಂದ ನನ್ನ ಸೂಚನೆ ಬಹು ಚಿಕ್ಕದು, ಖರ್ಚಿಲ್ಲದ್ದು. ನಮ್ಮ ಕಾಲೇಜಿನಲ್ಲಿ ಒಂದು ಅಲಮಾರಿಯನ್ನು ಇದಕ್ಕೆಂದು ಬಿಟ್ಟುಕೊಡಲಿ. ಹಳೆಯ ಪತ್ರಿಕೆಗಳು ವಾಚನಾಲಯದಲ್ಲಿ ಬೇಕಾದಷ್ಟಿವೆ. ಸುಮಾರು 42 ಸೆಂಟಿಮೀಟರ್ ಉದ್ದ, 29 ಸೆಂಟಿಮೀಟರ್ ಅಗಲದ ದಪ್ಪ ಹಾಳೆಗಳನ್ನು ತರಿಸಿದರಾಯಿತು. ಒಂದೊಂದು ಹಾಳೆಗೂ ಒಂದು ಚೀಟಿ: ಗಿಡ ಸಿಕ್ಕಿದ ಜಾಗ, ದಿನ, ಮಣ್ಣು, ಹೂವಿನ ಬಣ್ಣ, ಅರಳುವ ಹೊತ್ತು, ಊರಿನಲ್ಲಿ ಕರೆಯುವ ಹೆಸರು, ಹೆಸರು ಹೇಳಿದವರು ಯಾರು. ಈ ಕೊನೆಯ ಎರಡನ್ನು ಯಾವ ಕಾರಣಕ್ಕೂ ಬಿಡಬಾರದು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹೋದ ಹಳ್ಳಿಯಲ್ಲಿ ಒಂದು ದಿನವನ್ನು ಇದಕ್ಕಾಗಿ ಮೀಸಲಿಡಬಹುದು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜನರ ತಿಳಿವಳಿಕೆಯನ್ನು ಒಳಗೊಂಡ ಜೀವವೈವಿಧ್ಯ ದಾಖಲೆಯನ್ನು ಇಡಬೇಕು; ನಮ್ಮ ಚೀಟಿಗಳು ಆ ದಾಖಲೆಗೂ ಒದಗುತ್ತವೆ. ಗುರುತು ಸಿಗದ ಗಿಡದ ಇನ್ನೊಂದು ಪ್ರತಿಯನ್ನು ಬಲ್ಲವರಿಗೆ ಕಳಿಸೋಣ.

ಎರಡು ಎಚ್ಚರಿಕೆಗಳನ್ನೂ ಹೇಳಿಬಿಡುತ್ತೇನೆ. ಒಂದೋ ಎರಡೋ ಗಿಡಗಳಷ್ಟೇ ಕಂಡರೆ ಅದನ್ನು ಕೀಳಬಾರದು. ಚಿತ್ರ ತೆಗೆದು, ಬರೆದುಕೊಂಡು, ಬಿಟ್ಟು ಬರಬೇಕು. ಹೊಸದನ್ನು ಕಂಡೆವೆಂಬ ಉತ್ಸಾಹದಲ್ಲಿ ಕೊನೆಯದನ್ನು ಕಿತ್ತವರು ನಾವಾಗುವುದು ಬೇಡ. ಎರಡನೆಯದು, ಬಲ್ಲವರು ಒಪ್ಪುವ ಮೊದಲೇ ಪತ್ರಿಕೆಗೆ ಹೋಗಬಾರದು. ಒಂದೇ ಗಿಡಕ್ಕೆ ಎರಡು ಮೂರು ಹೆಸರು ಬಿದ್ದು ಆಮೇಲೆ ತಿದ್ದಬೇಕಾದ ಸಂದರ್ಭಗಳು ಸಸ್ಯಶಾಸ್ತ್ರದಲ್ಲಿ ಹೇರಳ. ಹೆಸರಿನ ಆಸೆ ಮನುಷ್ಯನನ್ನು ಕುರುಡು ಮಾಡುತ್ತದೆ. ಬದುವಿನ ಮೇಲೆ ನಿಂತು ದಳವನ್ನೂ ಎಣಿಸದೆ ಹೆಸರಿಟ್ಟವನು ಅನುಭವದಿಂದ ಹೇಳುವ ಮಾತಿದು.

ಹತ್ತು ವರ್ಷ ಹೀಗೆ ಮಾಡಿದರೂ ಒಂದೂ ಹೊಸ ಪ್ರಭೇದ ಸಿಗದೆ ಹೋಗಬಹುದು. ಆಗ ಈ ಶ್ರಮ ವ್ಯರ್ಥವೆ? ನನಗೆ ಹಾಗೆ ತೋರುವುದಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸೀಮೆಯಲ್ಲಿ ಇಂಥ ವರ್ಷ ಇಂಥ ಗಿಡಗಳಿದ್ದುವು, ಅವನ್ನು ಜನ ಹೀಗೆ ಕರೆಯುತ್ತಿದ್ದರು ಎಂಬುದು ಅಲಮಾರಿಯಲ್ಲಿ ಉಳಿಯುತ್ತದೆ. ಐವತ್ತು ವರ್ಷದ ಮೇಲೆ ಯಾರೋ ಬಲ್ಲವರು ಆ ಬಾಗಿಲು ತೆರೆದು, ಒಂದು ಹಾಳೆಯನ್ನು ಬೆಳಕಿಗೆ ಹಿಡಿದು, "ಇದು ಬೇರೆ" ಎಂದಾರು. ಅವರು ಆ ಗಿಡಕ್ಕೆ ಯಾವ ಹೆಸರಿಟ್ಟರೂ ನನಗೆ ಸಂತೋಷವೇ.

ಗೆಳೆಯನ ಪ್ರಶ್ನೆಗೆ ಉತ್ತರ ಬಾಕಿಯಿದೆ. ಸಾಲಗುಂದದಲ್ಲಿ ಹಿಮ ಬೀಳುವುದಿಲ್ಲ. ಪ್ರಿಮ್‌ರೋಸ್ ಇಲ್ಲಿ ಬೆಳೆಯುವುದಿಲ್ಲ. ಅದರ ಕುಟುಂಬಕ್ಕೇ ಈಗ ಸೇರಿಸಿರುವ ವಾಯುವಿಳಂಗವನ್ನು ಬೇಕಾದರೆ ಗ್ರಂಧಿಗೆ ಅಂಗಡಿಯಲ್ಲಿ ಕೊಂಡು ತಂದು ತೋರಿಸಬಲ್ಲೆ. ಆದರೆ ಮುಂದಿನ ಮುಂಗಾರು ಬಿದ್ದ ಮೇಲೆ ಒಂದು ಭಾನುವಾರ ಅವನು ನಮ್ಮ ಊರಿಗೆ ಬರಲಿ. ಬಿಸಿಲೇರುವ ಮೊದಲೇ ಬದುವಿಗೆ ಹೋಗೋಣ. ಹೂ ಅರಳುವವರೆಗೆ ಕಾದು ಕುಳಿತು, ಈ ಸಲ ದಳ ಎಣಿಸಿಯೇ ಏಳೋಣ. ಹೆಸರು ಕೇಳಲು ಅಜ್ಜಿ ಇದ್ದಾಳೆ. ಆಕೆ ಇರುವಾಗಲೇ ಕೇಳಿಕೊಳ್ಳಬೇಕು.